ಮೂರು ಜಾತಕದ ಕುರ್ಚಿ

ಮದುವೆಗೆ ವಯಸ್ಸು ಇಳಿಸುವುದು, ಪಿಂಚಣಿಗೆ ಏರಿಸುವುದು ನಮ್ಮ ಜನಕ್ಕೆ ಗೊತ್ತಿದ್ದ ಹಳೇ ವಿದ್ಯೆ. ಈಗ ಅದು ಕುರ್ಚಿಗಳಿಗೂ ಬಂದಿದೆ.

"ನೂರೈವತ್ತು ವರ್ಷದ್ದು ಸಾರ್," ಅಂದರು ಆಂಟಿಕ್ ಅಂಗಡಿಯವರು. ಬೀಟೆ ಮರದ ಚೌಕಟ್ಟು. ಬೆತ್ತದ ಹೆಣಿಗೆ. ಆನೆ ಸೊಂಡಿಲಿನ ಹಾಗೆ ಮುಂದಕ್ಕೆ ಚಾಚಿದ ಎರಡು ಕೈ. ಪ್ಲಾಂಟರ್ಸ್ ಚೇರ್ ಅನ್ನುತ್ತಾರೆ ಇದಕ್ಕೆ. ಯಾರ ಮನೆಯದು ಅಂತ ಕೇಳಿದೆ. ಒಬ್ಬ ಕಲೆಕ್ಟರ್ ದೊರೆಯದಂತೆ. ಈ ದೇಶದಲ್ಲಿ ಇದ್ದ ಕಲೆಕ್ಟರುಗಳಿಗಿಂತ ಅವರು ಕೂತ ಕುರ್ಚಿಗಳೇ ಜಾಸ್ತಿ ಇರುವ ಹಾಗೆ ಕಾಣುತ್ತದೆ. ಪಾಪ, ಅವರ ಕೈಕೆಳಗಿನ ಗುಮಾಸ್ತರು ಎಲ್ಲಿ ಕೂತಿದ್ದರೋ. ಅವರದ್ದು ಒಂದು ಸ್ಟೂಲೂ ಮಾರಾಟಕ್ಕೆ ಬರುವುದಿಲ್ಲ.

ಕುರ್ಚಿಯ ಕಾಲಲ್ಲಿ ಕುಟ್ಟೆ ಹುಳ ಕೊರೆದ ತೂತುಗಳಿದ್ದವು. ಹಳೇ ಸಾಮಾನಿಗೆ ಅದೇ ಸಾಕ್ಷಿ ಅಲ್ವಾ? ಆದರೆ ಹುಳಕ್ಕೆ ಸ್ಕೇಲು ಹಿಡಿದು ಕೊರೆಯುವ ಅಭ್ಯಾಸ ಇಲ್ಲ. ಅದು ಅಡ್ಡಾದಿಡ್ಡಿ ತಿಂದುಕೊಂಡು ಹೋಗುತ್ತದೆ. ಇಂಥ ತೂತಿಗೆ ಒಂದು ಗುಂಡುಪಿನ್ನು ತೂರಿಸಿ ನೋಡಬೇಕು. ನೆಟ್ಟಗೆ ಒಳಗೆ ಹೋಯಿತು ಅಂದರೆ ಆ ಹುಳಕ್ಕೆ ಕರೆಂಟು ಕನೆಕ್ಷನ್ ಇತ್ತು ಅಂತಲೇ ಅರ್ಥ. ನಾನು ತೂರಿಸಿದೆ. ನೆಟ್ಟಗೆ ಹೋಯಿತು. ಎಲ್ಲಾ ತೂತೂ ಒಂದೇ ಅಳತೆ. ಶಿಸ್ತಿನ ಹುಳ, ಬ್ರಿಟಿಷರ ಕಾಲದ್ದೇ ಇರಬೇಕು.

ಉಳಿದ ಮುಪ್ಪು ಬರಿಸುವುದೂ ಕಷ್ಟ ಅಲ್ಲ. ಸೈಕಲ್ ಚೈನಿನಲ್ಲಿ ನಾಲ್ಕು ಬಾರಿಸಿದರೆ ಗಾಯ. ಟೀ ಡಿಕಾಕ್ಷನ್ ಸವರಿದರೆ ಕರೆ. ಸಂದಿಗೆ ಶೂ ಪಾಲಿಶ್ ತುಂಬಿದರೆ ಶತಮಾನದ ಕೊಳೆ. ನಮ್ಮ ಅಜ್ಜನಿಗೆ ಇಷ್ಟು ಹೊಡೆತ ಬಿದ್ದಿದ್ದರೆ ಅವರೂ ಪರಂಪರೆ ಆಗುತ್ತಿದ್ದರು.

ಬೆತ್ತದ ವಿಷಯ ಮಾತ್ರ ತಮಾಷೆ ಅಲ್ಲ. ನಮ್ಮ ತಲೆಮಾರಿಗೆ ಬೆತ್ತ ಅಂದರೆ ಕೂರುವುದಕ್ಕೆ ಇದ್ದದ್ದಲ್ಲ, ಕೂರಲಾಗದ ಹಾಗೆ ಮಾಡುವುದಕ್ಕೆ ಇದ್ದದ್ದು. ಅದು ಕಾಡಿನಲ್ಲಿ ಮರಕ್ಕೆ ಹಬ್ಬುವ, ಮೈತುಂಬ ಮುಳ್ಳಿರುವ ತಾಳೆ ಜಾತಿಯ ಬಳ್ಳಿ. ಮೇಲಿನ ಸಿಪ್ಪೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಚೌಕಟ್ಟಿನ ತೂತಿನಿಂದ ತೂತಿಗೆ ಎಳೆಯುತ್ತಾರೆ. ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ. ಸರ್ಕಾರಿ ಕಚೇರಿಗಳ ಕುರ್ಚಿಗೆ ಇದನ್ನು ಹೆಣೆಯುತ್ತಿದ್ದವರಲ್ಲಿ ಎಷ್ಟೋ ಜನ ಕಣ್ಣು ಕಾಣದವರು. ಬೆರಳಲ್ಲೇ ಲೆಕ್ಕ. ಅವರು ಹೆಣೆದ ಸೀಟಿನ ಮೇಲೆ ಕಣ್ಣು ಕಾಣುವವರು ಕೂತು ಫೈಲು ಕಳೆಯುತ್ತಿದ್ದರು.

ಗಾಳಿ ಆಡುತ್ತದೆ, ತಿಗಣೆಗೆ ಅಡಗಲು ಜಾಗ ಕಮ್ಮಿ ಅಂತ ದೊರೆಗಳು ಬೆತ್ತ ಹಿಡಿದರು. 17ನೇ ಶತಮಾನದಲ್ಲೇ ಅದು ಹಡಗು ಹತ್ತಿ ಇಂಗ್ಲೆಂಡಿಗೂ ಹೋಗಿತ್ತು. ಈಗ ಲೆಕ್ಕ ಹಾಕಿ. ಬೀಟೆ ನಮ್ಮ ಕಾಡಿನದು, ಬೆತ್ತ ಈ ಕಡೆಯದು, ಕೆತ್ತಿದ ಆಚಾರಿ ನಮ್ಮವನು, ಸೆಖೆಯಂತೂ ಅಪ್ಪಟ ದೇಸಿ. ಹೊಳಪು ಕೊಡುವ ಅರಗೂ ನಮ್ಮ ಕಾಡಿನದೇ, ಆದರೆ ಹೆಸರು ಮಾತ್ರ ಫ್ರೆಂಚ್ ಪಾಲಿಶ್! ಸಾಹೇಬರದು ಅಂತ ಇದ್ದದ್ದು ಕಾಲು ಮಾತ್ರ. ಆ ಉದ್ದನೆಯ ಕೈಗಳ ಮೇಲೆ ಅವರು ಕಾಲು ಚಾಚುತ್ತಿದ್ದರು, ಆಳು ಬಂದು ಬೂಟು ಎಳೆಯುತ್ತಿದ್ದ. ಇಷ್ಟಕ್ಕೇ ಇಡೀ ಕುರ್ಚಿಗೆ ಕಲೋನಿಯಲ್ ಸ್ಟೈಲ್ ಅಂತ ಹೆಸರು. ಪಠ್ಯಪುಸ್ತಕದಲ್ಲಿ ಇದೇ ಪದವನ್ನು ಗುಲಾಮಗಿರಿ ಅಂತ ಓದಿ ಅಂಕ ತೆಗೆದುಕೊಂಡವರು ಈಗ ಇಎಂಐ ಕಟ್ಟಿ ಮನೆಗೆ ತರುತ್ತಿದ್ದಾರೆ. ಬೂಟು ಎಳೆಯುವ ಆಳು ಜೊತೆಗೆ ಬರುವುದಿಲ್ಲ, ಅದನ್ನು ಹೆಂಡತಿಗೆ ವಿವರಿಸಲೂ ಹೋಗಬೇಡಿ.

"ಮಗ ಹೊರದೇಶದಲ್ಲಿದ್ದಾನೆ, ಅವನಿಗೆ ಕಳಿಸಬಹುದಾ?" ಅಂತ ಸುಮ್ನೆ ಕೇಳಿದೆ. ಅಂಗಡಿಯವರ ಮುಖ ತಟ್ಟನೆ ಕಿರಿದಾಯಿತು. ಕುರ್ಚಿಯ ವಯಸ್ಸೂ.

"ಹಾಗಾದ್ರೆ ಇದು ತೊಂಬತ್ತು ವರ್ಷದ್ದು ಸಾರ್."

ಯಾಕೆ ಅಂದರೆ, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಇಂಥ ಕುಶಲ ಕೆಲಸದ ವಸ್ತುವಿಗೆ ನೂರು ತುಂಬಿದರೆ ಅದು ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. 'ಇದು ಪುರಾತನ ಅಲ್ಲ' ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟು ಬೇಕು. ಆಂಟಿಕ್ ಅಂತ ಬೋರ್ಡು ಹಾಕಿಕೊಂಡವರು ಆಂಟಿಕ್ ಅಲ್ಲ ಅಂತ ಸರ್ಟಿಫಿಕೇಟು ಇಟ್ಟುಕೊಂಡಿರುತ್ತಾರೆ. ಎರಡೂ ಒಂದೇ ಗೋಡೆಗೆ ನೇತು ಹಾಕದಿದ್ದರೆ ಆಯಿತು.

ಮೂರನೇ ಜಾತಕ ಮರದ್ದು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಅದಕ್ಕೆ ಮೊದಲಿನ ಮರ ಅಂತ ತೋರಿಸಿದರೆ ದಾರಿ ಸಲೀಸು. ಹಾಗಾಗಿ ಕುರ್ಚಿ ಗಿರಾಕಿಗೆ ಅಜ್ಜ, ಪುರಾತತ್ವ ಇಲಾಖೆಗೆ ಅಪ್ಪ. ಅರಣ್ಯ ಇಲಾಖೆಯ ಮುಂದೆ ಮಾತ್ರ ತೀರಾ ಎಳೇ ಮಗು ಆಗದಿದ್ದರೆ ಸಾಕು.

ನಿಜವಾದ ಬ್ರಿಟಿಷ್ ಕಾಲದ್ದಾಗಿರಬೇಕು, ನೂರೂ ತುಂಬಿರಬಾರದು. ಅಂದರೆ ಅವರ ಆಳ್ವಿಕೆಯ ಕೊನೆಯ ಒಂದಷ್ಟು ವರ್ಷದ ಕುರ್ಚಿಗಳು ಮಾತ್ರ ಹೊರಗೆ ಹೋಗಬಹುದು. ಪ್ರತಿ ವರ್ಷ ಒಂದೊಂದು ವರ್ಷ ಕೈಬಿಡುತ್ತಾ ಹೋಗುತ್ತದೆ. 2047ರ ಆಗಸ್ಟಿಗೆ ಬಾಗಿಲು ಪೂರ್ತಿ ಬಂದ್. ದೊರೆಗಳಿಗೆ ಭಾರತ ಬಿಟ್ಟು ತೊಲಗಿ ಅಂದೆವು. ಅವರ ಕುರ್ಚಿಗೆ ಮಾತ್ರ ತೊಲಗಕೂಡದು ಅಂತ ಕಾಯ್ದೆ ಮಾಡಿದೆವು.

ಇದೆಲ್ಲಾ ಯೋಚಿಸುತ್ತಾ ಕುರ್ಚಿಯಲ್ಲಿ ಕೂತು ನೋಡಿದೆ. ಕೂತೆ ಅನ್ನುವುದಕ್ಕಿಂತ ಹಿಂದಕ್ಕೆ ಜಾರಿದೆ. ಎರಡೂ ಕಾಲು ಕೈಗಳ ಮೇಲೆ ಚಾಚಿದೆ. ನಿಜ ಹೇಳಬೇಕಂದರೆ ಬಲು ಸುಖ. ಒಂದು ಜಿಲ್ಲೆ ಆಳಬಹುದು ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ಒಬ್ಬ ಹುಡುಗ ಶೂ ಪಾಲಿಶ್ ಡಬ್ಬಿ, ಬಟ್ಟೆ ಹಿಡಿದುಕೊಂಡು ನನ್ನ ಕಡೆಗೇ ಓಡಿ ಬಂದ. ಆಹಾ, ಬೂಟಿಗೂ ಆಳು ಇದ್ದಾನೆ ಅಂದುಕೊಂಡೆ.

"ಸಾರ್, ಬೇಗ ಕಾಲು ತೆಗೀರಿ," ಅಂದ. "ಬೆಳಿಗ್ಗೆ ತಾನೇ ಹಚ್ಚಿದ್ದು. ಇನ್ನೂ ಒಣಗಿಲ್ಲ."