ಕತ್ತು ತಿರುಗಿದ್ದು ಕಾಣಬೇಕಂತೆ!

ಇವತ್ತು ಬೆಳಿಗ್ಗೆ ಅಕ್ಕನ ಮಗಳ ಡ್ರೈವಿಂಗ್ ಕ್ಲಾಸಿಗೆ ಜೊತೆಯಲ್ಲಿ ಹೋಗಿದ್ದೆ. ಹಿಂದಿನ ಸೀಟಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು ಅನ್ನೋ ಷರತ್ತಿನ ಮೇಲೆ. ಮುಂದಿನ ವಾರ ಅವಳ ಟೆಸ್ಟ್. ಮುಚ್ಚಿಕೊಂಡೇ ಇದ್ದೆ, ದೇವರಾಣೆ. ಅದಕ್ಕೇ ಈಗ ಇಲ್ಲಿ ಬಾಯಿ ಬಿಡುತ್ತಿದ್ದೇನೆ.

ಕಲಿಸುವ ಮಹಾಶಯರು ಹೇಳಿದ್ದು ಇಷ್ಟು: "ಪಕ್ಕಕ್ಕೆ ಸರಿಯೋ ಮುಂಚೆ ಕತ್ತು ಚೆನ್ನಾಗಿ ತಿರುಗಿಸಮ್ಮ. ಟೆಸ್ಟ್ ಮಾಡೋರಿಗೆ ಕಾಣಬೇಕು. ಬರೀ ಕಣ್ಣು ಹೊರಳಿಸಿದ್ರೆ ಲೆಕ್ಕಕ್ಕೆ ಬರಲ್ಲ." ಇವಳು ತಿರುಗಿಸಿದಳು. ಹಿಂದಿನ ಸಾಲಿನ ಪ್ರೇಕ್ಷಕರಿಗೂ ಕಾಣುವ ಹಾಗೆ ತಿರುಗಿಸಿದಳು. "ಹಾಂ, ಹಂಗೆ!" ಅಂದರು. ಆಗ ಏನು ಕಾಣಿಸಿತು ಅಂತ ಯಾರೂ ಕೇಳಲಿಲ್ಲ. ಇಳಿದ ಮೇಲೆ ನಾನು ಕೇಳಿದೆ.

"ಏನು ಕಾಣೋದು ಚಿಕ್ಕಮ್ಮ? ತಿರುಗಿಸು ಅಂದ್ರು, ತಿರುಗಿಸಿದೆ."

ಅಷ್ಟೇ. ಮೈ ಉರಿದುಹೋಯಿತು. ಹುಡುಗಿಯ ಮೇಲಲ್ಲ.

ಕನ್ನಡಿಗಳು ಎಷ್ಟಿದ್ದರೂ ಕಾರಿನ ಎರಡೂ ಪಕ್ಕ, ಸ್ವಲ್ಪ ಹಿಂದೆ, ಒಂದೊಂದು ಜಾಗ ಕಾಣುವುದೇ ಇಲ್ಲ. ಒಂದು ಬೈಕು ಅಲ್ಲಿ ಆರಾಮಾಗಿ ಅಡಗಿ ಕೂರುತ್ತದೆ. ಆ ಜಾಗ ನೋಡೋದಕ್ಕೆ ಅಂತಲೇ ಭುಜದ ಮೇಲಿಂದ ಕತ್ತು ತಿರುಗಿಸುವುದು. ನೋಡದೆ ತಿರುಗಿಸಿದರೆ ತಿರುಗಿಸದೇ ಇರುವುದಕ್ಕಿಂತ ಕಡೆ! ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಒಂದು ಸೆಕೆಂಡ್ ಆ ಕಡೆ ತಿರುಗಿ ಏನೂ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ ಅಂದರೆ ಆ 14 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಅದಕ್ಕೆ "ಹಾಂ, ಹಂಗೆ!"

ಕತ್ತಿನ ಕಥೆ ಹೀಗಾದರೆ ರಿವರ್ಸ್ ಪಾರ್ಕಿಂಗ್ ಇನ್ನೊಂದು ಕಂಠಪಾಠ. "ಹಿಂದಿನ ಗಾಜಿನ ಮೂಲೆಗೆ ಎರಡನೇ ಕಂಬ ಬಂದಾಗ ಸ್ಟೇರಿಂಗ್ ಪೂರ್ತಿ ಎಳಿ. ಕನ್ನಡಿಯಲ್ಲಿ ಗೆರೆ ಕಂಡಾಗ ವಾಪಸ್ ಬಿಡು." ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ. ಸೀಟನ್ನು ಎರಡು ಇಂಚು ಮುಂದಕ್ಕೆ ತಳ್ಳಿದರೆ ಆ ಕಂಬ ಗಾಜಿನ ಮೂಲೆಯಲ್ಲಿ ಇರಲ್ಲ ಕಣ್ರೀ. ಕನ್ನಡಿ ಸ್ವಲ್ಪ ಕೆಳಗಾದರೆ ಗೆರೆ ಬೇರೆ ಕಡೆ ಕಾಣುತ್ತದೆ. ಬೇರೆ ಕಾರು ಕೊಟ್ಟರಂತೂ ಮಗ್ಗಿ ಪೂರ್ತಿ ಮಟಾಷ್. ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ತಿರುಗಿಸಿದರೆ ಕಾರಿನ ಮೂತಿ ಎದುರು ಪಕ್ಕಕ್ಕೆ ಬೀಸುತ್ತದೆ, ಅದಕ್ಕೇ ಹಿಂದೆ ಮಾತ್ರ ನೋಡುತ್ತಾ ಕೂತರೆ ಮುಂದಿನ ಮೂಲೆ ಎಲ್ಲಾದರೂ ತಾಗುತ್ತದೆ. ಈ ಒಂದು ಮಾತು ಅವಳಿಗೆ ಯಾರೂ ಹೇಳಿರಲಿಲ್ಲ. ಕಂಬದ ನಂಬರ್ ಮಾತ್ರ ಗೊತ್ತು.

ಈಗ ನಿಮ್ಮಲ್ಲಿ ಕೆಲವರು ನಗುತ್ತಿರುತ್ತೀರಿ. ನಾನು ನಲವತ್ತು ದಾಟಿದ ಮೇಲೆ ಸ್ಟೇರಿಂಗ್ ಹಿಡಿದವಳು, ಎರಡು ಸಲ ಫೇಲಾದವಳು ಅಂತ ನಿಮಗೆಲ್ಲ ಗೊತ್ತು. ಮೊದಲನೇ ಸಲ ಯಾಕೆ ಫೇಲಾದೆ ಅಂತ ಮಾತ್ರ ಇಲ್ಲಿವರೆಗೆ ಹೇಳಿರಲಿಲ್ಲ. ಕಲಿಯುವ ಕಾರಲ್ಲಿ ಪಕ್ಕದವರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರುತ್ತವಲ್ಲ. ಅವರು ಕ್ಲಚ್ ಒತ್ತಿದರೆ ನಮ್ಮ ಪೆಡಲ್ಲೂ ತಾನಾಗಿ ಕೆಳಗೆ ಹೋಗುತ್ತದೆ. ನನ್ನ ಕಾಲು ಇಷ್ಟು ಚೆನ್ನಾಗಿ ಪಳಗಿಬಿಟ್ಟಿತಾ ಅಂತ ನಾನು ತಿಂಗಳುಗಟ್ಟಲೆ ಬೀಗುತ್ತಿದ್ದೆ! ಟೆಸ್ಟ್ ದಿನ ಪಕ್ಕದವರು ಕಾಲು ಮಡಚಿಕೊಂಡು ಕೂತರು. ಏರಿನಲ್ಲಿ ಮೂರು ಸಲ ಗಾಡಿ ಆಫ್ ಆಯಿತು. ನಾಲ್ಕನೇ ಸಲಕ್ಕೆ ಹಿಂದಕ್ಕೆ ಜಾರಿತು. ಎರಡನೇ ಸಲದ್ದು ಬೇಡ ಬಿಡಿ.

ಆಮೇಲೆ ಖಾಲಿ ಮೈದಾನದಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ ಮೇಲೆ ಗಾಡಿ ತೆವಳಿಸಿ ತೆವಳಿಸಿ ಕಲಿತೆ. ಕ್ಲಚ್ ನಿಧಾನಕ್ಕೆ ಬಿಡುತ್ತಾ ಬಂದರೆ ಒಂದು ಕಡೆ ಇಂಜಿನ್ ಸದ್ದು ಒಂದು ಚೂರು ದಪ್ಪಗಾಗುತ್ತದೆ, ಬಾನೆಟ್ ಸಣ್ಣಗೆ ಮೇಲೇಳುತ್ತದೆ, ಸೀಟಿನಲ್ಲಿ ನಡುಕ ಬರುತ್ತದೆ. ತಿರುಗುತ್ತಿರುವ ಇಂಜಿನ್ನು ಚಕ್ರಗಳ ಕಡೆಯ ತಟ್ಟೆಯನ್ನು ಹಿಡಿಯಲು ಶುರು ಮಾಡಿದ ಕ್ಷಣ ಅದು. ಅಲ್ಲಿ ಕಾಲು ನಿಲ್ಲಿಸಿ ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸಿದರೆ ಏರು ಮಾತ್ರ ಅಲ್ಲ, ಗೋಡೆ ಬೇಕಾದರೂ ಹತ್ತಬಹುದು. (ಹತ್ತಬೇಡಿ.) ಇದು ಗೊತ್ತಾದ ಸಂಜೆ ಕಾರಿನಲ್ಲಿ ಒಬ್ಬಳೇ ಕೂತು ಅತ್ತಿದ್ದೆ. ಯಾಕೆ ಅಂತ ಕೇಳಬೇಡಿ.

ನನ್ನ ತಮ್ಮನ ವಾದ ಬೇರೆ. "ಅಕ್ಕಾ, ಮೊದಲು ಪಾಸಾಗಲಿ, ಓಡಿಸೋದು ಆಮೇಲೆ ತಾನಾಗಿ ಬರುತ್ತೆ." ಈಜಿಗೂ ಹೀಗೇ ಮಾಡೋಣ, ಸರ್ಟಿಫಿಕೇಟ್ ಮೊದಲು, ನೀರು ಆಮೇಲೆ. ಇನ್ನೊಂದು ಮಾತೂ ಅಂದ. ಟೆಸ್ಟೇ ಇಲ್ಲದ ಕಾಲದಲ್ಲಿ ಜನ ಓಡಿಸಲಿಲ್ವಾ ಅಂತ. ಓಡಿಸಿದರಪ್ಪ. ಕಾರು ಕಂಡುಹಿಡಿದ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ 1888ರಲ್ಲಿ ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ನೂರು ಕಿಲೋಮೀಟರಿಗೂ ಜಾಸ್ತಿ, ಮೂರು ಚಕ್ರದ ಗಾಡಿ ಓಡಿಸಿದಳು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಲ್ಲಿ ಬಿಡಿಸಿದಳಂತೆ. ಆದರೆ ಅವಳ ಹಿಂದೆ ಇನ್ನೊಂದು ಕಾರು ಇತ್ತಾ? ದಾರಿಯಲ್ಲಿ ಕಾರು ಅಂತ ಇದ್ದದ್ದೇ ಅವಳದ್ದು! ಕಾರುಗಳು ಜಾಸ್ತಿಯಾದ ಮೇಲೆ ತಾನೇ ಬ್ರಿಟನ್ನಿನಲ್ಲಿ 1935ರಿಂದ ಹೊಸಬರಿಗೆ ಟೆಸ್ಟ್ ಕಡ್ಡಾಯವಾದದ್ದು?

ಸಂಜೆ ಹುಡುಗಿಯನ್ನು ಮತ್ತೆ ಮೈದಾನಕ್ಕೆ ಕರೆದುಕೊಂಡು ಹೋದೆ. ಒಂದೇ ಆಟ. ಅವಳು ಕನ್ನಡಿ ನೋಡಿದಾಗೆಲ್ಲ, ಕತ್ತು ತಿರುಗಿಸಿದಾಗೆಲ್ಲ, "ಏನಿತ್ತು?" ಅಂತ ಕೇಳುವುದು. ಮೊದಲ ಹತ್ತು ಸಲ "ಏನೂ ಇಲ್ಲ" ಅಂದಳು. ಇತ್ತು, ಎರಡು ನಾಯಿ ಇದ್ದವು. ಹನ್ನೊಂದನೇ ಸಲ "ನೀಲಿ ಸೈಕಲ್, ಹುಡುಗ ಕೈಬಿಟ್ಟು ಓಡಿಸ್ತಿದಾನೆ" ಅಂದಳು. ಹೊಟ್ಟೆ ತಣ್ಣಗಾಯಿತು. ವಾಪಸ್ ಬರುವಾಗ ಸ್ಟೇರಿಂಗ್ ನನ್ನ ಕೈಯಲ್ಲಿತ್ತು. ಇಂಡಿಕೇಟರ್ ಹಾಕಿ ತಿರುಗಿಸಿದೆ. "ಚಿಕ್ಕಮ್ಮ, ಹಿಂದೆ ಏನಿತ್ತು?" ಅಂದಳು.

ಆಟೋ ಅಂದೆ. ಆಟೋ ಅಲ್ಲವಂತೆ, ಲಾರಿಯಂತೆ. ಇರಲಿ, ನನ್ನ ವಿಷಯ ಬೇರೆ.

ನಾಳೆಯ ಕ್ಲಾಸಿಗೂ ಹೋಗುತ್ತಿದ್ದೇನೆ. ಕಾರು ಹತ್ತಿದ ಕೂಡಲೇ ಸೀಟು, ಕನ್ನಡಿ ಸರಿ ಮಾಡಿಕೊಳ್ಳೋಕೆ ನಾಚಿಕೆ ಪಡಬೇಡ, ಪಕ್ಕದವರು ಎಷ್ಟು ಗಡಿಯಾರ ನೋಡಿದರೂ ಸರಿ ಅಂತ ಹೇಳಿಟ್ಟಿದ್ದೇನೆ. ಮಹಾಶಯರು ಮತ್ತೆ "ಕತ್ತು ಕಾಣಬೇಕು" ಅಂದರೆ ಈ ಸಲ ಷರತ್ತು ಮುರಿಯುತ್ತೇನೆ.