ಕಾಕಾ ಸಹಿ ಹಾಕದ ಸೈಕಲ್ಲು

ಇವತ್ತು ಬೆಳಗ್ಗೆ ಮೊಬೈಲಿಗೆ ಮತ್ತೆ ಅದೇ ಮೆಸೇಜು ಬಂತು. 'ನಿಮ್ಮ ಕಾರ್ಟಿನಲ್ಲಿ ಒಂದು ವಸ್ತು ನಿಮಗಾಗಿ ಕಾಯುತ್ತಿದೆ.' ಪಾಪ, ಅದಕ್ಕೇನು ಗೊತ್ತು, ನಮ್ಮ ಕಾಕಾ ಇನ್ನೂ ಸಹಿ ಹಾಕಿಲ್ಲ ಅಂತ.

ವಸ್ತು ಅಂದರೆ ಸೈಕಲ್ಲು. ಸಾದಾ ಸೈಕಲ್ಲಲ್ಲ, ರೋಡ್ ಬೈಕ್. ಹ್ಯಾಂಡಲ್ಲು ಕೆಳಗೆ ಬಾಗಿರುತ್ತದಲ್ಲ, ಟೈರು ಸಣ್ಣಗಿರುತ್ತದಲ್ಲ, ಅದು. ಅದರಲ್ಲೂ ತೀರಾ ಕೆಳಗಿನ ಮಾಡೆಲ್ಲು. ಬೆಲೆ 25 ಸಾವಿರದ ಆಸುಪಾಸು. ಕಲಬುರಗಿಯಲ್ಲಿ 'ಬೈಕ್ ತಗೋತೀನಿ' ಅಂದರೆ ಜನ ಮೊದಲು ಕೇಳುವುದು 'ಎಷ್ಟ್ ಕೊಡ್ತದ?' ಅಂತ. ಲೀಟರಿಗೆ. ಪೆಟ್ರೋಲೇ ಬೇಡ ಅಂದರೆ ಕರೆಂಟಿನದು ಅಂದುಕೊಂಡು ಖುಷಿಪಡುತ್ತಾರೆ. ತುಳಿಯುವುದು ಅಂದ ಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ರೇಟು ಕೇಳುತ್ತಾರೆ. ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾರೆ.

ಸೂಪರ್ ಮಾರ್ಕೆಟ್ ಕಡೆ ಹೋಗಿ ಸೈಕಲ್ ಅಂಗಡಿಯಲ್ಲಿ ಕೇಳಿ ಬಂದೆ. ಅಲ್ಲಿ ಎಲ್ಲ ದಪ್ಪ ಟೈರಿನವೇ. 'ಟಗರಿನ ಕೋಡಿನಂಗ ಹ್ಯಾಂಡಲ್ ಇರ್ತದಲ್ರೀ, ಅದಾ? ಅದಕ್ಕ ಹೈದರಾಬಾದಿಗೆ ಹೋಗ್ರಿ ಸರ' ಅಂದ. ಹೈದರಾಬಾದು ಇಲ್ಲಿಂದ ಸುಮಾರು 220 ಕಿಲೋಮೀಟರ್. ಹತ್ತು ನಿಮಿಷ ಸೈಕಲ್ ಹೊಡೆದು ನೋಡಲು ರೈಲು ಹತ್ತಿ ಹೋಗುವುದೇ? ಹಾಗಾಗಿ ಆನ್‌ಲೈನೇ ಗತಿ. ಆನ್‌ಲೈನ್ ಅಂದ ಮೇಲೆ ರಿವ್ಯೂ. ರಿವ್ಯೂ ಅಂದ ಮೇಲೆ ಕಾಕಾ.

ಕಾಕಾ ನಮ್ಮ ಕೆಳಗಿನ ಮನೆಯಲ್ಲೇ ಇದ್ದಾರೆ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸರ್ವಿಸ್ ಪೂರ್ತಿ ಬೇರೆಯವರ ಅರ್ಜಿಯಲ್ಲಿ ಏನು ಕೊರತೆ ಇದೆ ಅಂತ ಹುಡುಕಿ ಕೆಂಪು ಪೆನ್ನಿನಲ್ಲಿ ಬರೆದವರು. ನಿವೃತ್ತಿಯಾದ ಮೇಲೆ ಫೈಲು ಬರುವುದು ನಿಂತಿತು. ಆಗ ಮಗಳು ಒಂದು ಸ್ಮಾರ್ಟ್‌ಫೋನು ಕೊಡಿಸಿದಳು. ಅಲ್ಲಿಂದ ನಮ್ಮ ಮನೆಗೆ ಹೊಸ ಸಾಮಾನು ಬರುವುದೂ ನಿಂತಿತು.

ಯಾಕೆಂದರೆ ಕಾಕಾ ಒಂದು ಸ್ಟಾರಿನ ರಿವ್ಯೂ ಮಾತ್ರ ಓದುತ್ತಾರೆ. ಐದು ಸ್ಟಾರಿನವರು ರೊಕ್ಕ ತಿಂದವರು. ನಾಲ್ಕು ಕೊಟ್ಟವರು ಅಂಜುಬುರುಕರು. ಮೂರು ಕೊಡುವವರಿಗೆ ಮನೆಯಲ್ಲಿ ಮಾತು ನಡೆಯುವುದಿಲ್ಲ. ಎರಡು ಕೊಡುವವನು ಒಂದೇ ಕೊಡಬೇಕಂತಿದ್ದ, ಬೆರಳು ಜಾರಿತು. ಖರೇ ಹೇಳುವವನು ಒಂದು ಸ್ಟಾರಿನವನು ಒಬ್ಬನೇ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿದು. ಆ ಬಿಸಿಲಿನಲ್ಲೂ ಕಾಕಾ ಗಡಗಡ ಸದ್ದು ಮಾಡುವ ಹಳೇ ಕೂಲರಿನ ಮುಂದೆ ಕೂತು ಹೊಸ ಕೂಲರುಗಳ ದೂರು ಓದುತ್ತಾರೆ. ಓದಿ, ಹಳೇ ಕೂಲರಿಗೆ ಇನ್ನೊಂದು ಕೊಡ ನೀರು ಹಾಕುತ್ತಾರೆ.

ನನ್ನ ಸೈಕಲ್ಲಿನ ವಿಚಾರಣೆ ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ನಡೆಯುತ್ತದೆ. ಕಾಕಾ ಕನ್ನಡಕ ಏರಿಸಿಕೊಂಡು ಮೊದಲು ಬರೆದವರ ಹೆಸರು, ಊರು, ತಾರೀಖು ಓದುತ್ತಾರೆ. ರಿವ್ಯೂ ಇಂಗ್ಲಿಷಿನಲ್ಲಿ ಇರುತ್ತದೆ. ಕಾಕಾನ ಬಾಯಲ್ಲಿ ಅದು ಕಚೇರಿ ಕನ್ನಡವಾಗಿ ಹೊರಗೆ ಬರುತ್ತದೆ. 'ಸದರಿ ಸೈಕಲ್ಲಿನ ಆಸನವು ಅತೀವ ಗಟ್ಟಿಯಾಗಿದ್ದು, ಅರ್ಜಿದಾರರಿಗೆ ಎರಡು ದಿನ ಕೂಡಲು ಆಗಿರುವುದಿಲ್ಲ.' ಅದರ ಕೆಳಗೆ '37 ಜನರಿಗೆ ಇದು ಉಪಯುಕ್ತವಾಗಿದೆ' ಅಂತ ಇತ್ತು. ಕಾಕಾ ತಲೆ ಎತ್ತಿ ಹೇಳಿದರು, '37 ಮಂದಿ ಸಾಕ್ಷಿ ಸಹಿ ಹಾಕ್ಯಾರ. ನಿನ್ನ ಕಡಿಂದ ಯಾರದಾರ?'

ನನ್ನ ಕಡೆಯಿಂದ ಯಾರೂ ಇಲ್ಲ. ಆದರೂ ಹೇಳಿದೆ. ರೋಡ್ ಬೈಕಿನ ಸೀಟು ಗಟ್ಟಿಯೇ ಇರುತ್ತದೆ. ಮೆತ್ತಗೆ ಅಗಲ ಇದ್ದರೆ ದೂರ ಹೋಗುವಾಗ ತೊಡೆ ಉಜ್ಜಿ ಗಾಯವಾಗುತ್ತದೆ. ಅದಕ್ಕೇ ಒಳಗೆ ಮೆತ್ತೆ ಇರುವ ಚಡ್ಡಿ ಹಾಕಿಕೊಳ್ಳುತ್ತಾರೆ. ಅಲ್ಲಿಯವರೆಗೂ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದ ಕಾಕಿ ಆಗ ಕೇಳಿದರು, 'ಮೆತ್ತಿ ಸೀಟಿಗಿ ಹಾಕೂದು ಬಿಟ್ಟು ಚಡ್ಡಿಗಿ ಯಾಕ ಹಾಕ್ತಾರ?' ಕಟ್ಟೆಯ ಮೇಲಿದ್ದವರೆಲ್ಲ ನನ್ನ ಮುಖ ನೋಡಿದರು.

ಮುಂದಿನ ದೂರು ಗೇರಿನದು. ಗೇರು ಅಂದರೆ ಶಿಮಾನೊ ಕಂಪನಿಯದು. ಟೂರ್ನಿ ಅಂತ ಅತಿ ಕೆಳಗಿನದು, ಅದರ ಮೇಲೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಹೀಗೆ ಏರುತ್ತಾ ಡ್ಯುರಾ ಏಸ್ ತನಕ. ನನ್ನದು ಟೂರ್ನಿ. ಮುಂದೆ ಎರಡು, ಹಿಂದೆ ಏಳು. ಬೆಂಗಳೂರಿನ ಒಬ್ಬರು ಈ ಗೇರಿನಲ್ಲಿ ನಂದಿ ಬೆಟ್ಟ ಹತ್ತಲು ಜೀವ ಬಾಯಿಗೆ ಬಂತು ಅಂತ ಬರೆದಿದ್ದಾರೆ. ಬಂದಿರಬಹುದು. ಆ ಬೆಟ್ಟ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ನಮ್ಮೂರು 450ರ ಆಸುಪಾಸು, ಅದೂ ಚಪ್ಪಟೆ. ತೊಗರಿ ಹೊಲದ ಈ ಬದಿಗೆ ನಿಂತರೆ ಆ ಬದಿಯ ಊರಿನ ಗುಡಿ ಕಾಣುತ್ತದೆ. ಕಲಬುರಗಿಯಲ್ಲಿ ನನಗೆ ಇರುವ ಏರು ಅಂದರೆ ರೈಲ್ವೆ ಓವರ್ ಬ್ರಿಡ್ಜು. ಅದನ್ನು ಹಾಲಿನವರು ದಿನಾ ಎರಡು ಕ್ಯಾನು ಕಟ್ಟಿಕೊಂಡು ಗೇರೇ ಇಲ್ಲದ ಸೈಕಲ್ಲಿನಲ್ಲಿ ಹತ್ತುತ್ತಾರೆ. ಇದನ್ನೆಲ್ಲ ಹೇಳಿದರೆ ಕಾಕಾ, 'ಕಂಪನಿ ವಕೀಲ ಆಗಬ್ಯಾಡ' ಅಂದು ಮುಂದಿನ ಅರ್ಜಿಗೆ ಹೋದರು.

ಮುಂದಿನ ಅರ್ಜಿಯಲ್ಲಿ ಫೋಟೋ ಇತ್ತು. ಫೋಟೋ ಅಂದರೆ ಕಾಕಾನ ಲೆಕ್ಕದಲ್ಲಿ ದಾಖಲೆ. ಒಬ್ಬರು ಹೊಸ ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿ, ಮಾವಿನೆಲೆಯ ತೋರಣ, ಹೂವಿನ ಹಾರ, ನಿಂಬೆಹಣ್ಣು ಎಲ್ಲ ಸೇರಿಸಿ ಫೋಟೋ ಹೊಡೆದಿದ್ದರು. ಕೆಳಗೆ ಒಂದು ಸ್ಟಾರು. ತುಳಿಯುವಾಗ ಕಾಲು ಮುಂದಿನ ಗಾಲಿಗೆ ಬಡಿಯುತ್ತದೆ, ಬ್ರೇಕೂ ಸರಿಯಿಲ್ಲ, ಕಂಪನಿಯವರು ಜನರ ಜೀವದ ಜೊತೆ ಆಟ ಆಡುತ್ತಿದ್ದಾರೆ ಅಂತ ಬರೆದಿದ್ದರು. ಕಾಕಾ ಮೊಬೈಲನ್ನು ಕಟ್ಟೆಯ ಮೇಲಿದ್ದವರಿಗೆಲ್ಲ ತಿರುಗಿಸಿ ತೋರಿಸಿದರು. ಎಲ್ಲರೂ ಲೊಚಗುಟ್ಟಿದರು.

ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಮುಂದಿನ ಗಾಲಿಯ ಬ್ರೇಕು ಎದುರಿಗೆ ಕಾಣುವ ಬದಲು ಸೀಟಿನ ಕಡೆ ತಿರುಗಿತ್ತು. ಅಂದರೆ ಮುಂದಿನ ಗಾಲಿ ಹಿಡಿಯುವ ಫೋರ್ಕನ್ನೇ ಹಿಂದುಮುಂದು ತಿರುಗಿಸಿ ಹ್ಯಾಂಡಲ್ಲು ಬಿಗಿದಿದ್ದರು. ಹಾಗೆ ಮಾಡಿದರೆ ಗಾಲಿ ಹಿಂದಕ್ಕೆ ಸರಿಯುತ್ತದೆ, ಕಾಲಿಗೆ ಬಡಿಯದೆ ಇನ್ನೇನು? ಡಬ್ಬಿಯಲ್ಲಿ ಬರುವ ಸೈಕಲ್ಲಿಗೆ ಹ್ಯಾಂಡಲ್ಲು, ಪೆಡಲ್ಲು, ಮುಂದಿನ ಗಾಲಿ ನಾವೇ ಕೂಡಿಸಬೇಕು. ತಿಳಿದವರ ಕೈಗೆ ಕೊಟ್ಟರೆ ಅರ್ಧ ತಾಸಿನ ಕೆಲಸ.

'ಕಾಕಾ, ಉಲ್ಟಾ ಕೂಡಿಸ್ಯಾರ ನೋಡ್ರಿ' ಅಂದೆ.

ಕಾಕಾ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅಕ್ಕಪಕ್ಕದವರೂ ಬಗ್ಗಿ ನೋಡಿದರು. ಒಬ್ಬರು ಮೊಬೈಲನ್ನೇ ತಿರುವಿ ನೋಡಿದರು. ಇನ್ನೇನು ಕೇಸು ಗೆದ್ದೆ ಅಂದುಕೊಂಡೆ. ಕಾಕಾ ನಿಧಾನವಾಗಿ ಹೇಳಿದರು, 'ಉಲ್ಟಾ ಕೂಡಿಸ್ಲಿಕ್ಕ ಬರೂ ಹಂಗ ಯಾಕ ಮಾಡ್ಯಾರ? ಅದೂ ಕಂಪನಿ ತಪ್ಪೇ.' ಅವತ್ತಿನ ಕಲಾಪ ಅಲ್ಲಿಗೇ ಮುಗಿಯಿತು.

ನನ್ನ ಸಿಟ್ಟು ಏನೆಂದರೆ, ಈ ಸೈಕಲ್ಲಿಗೆ ನಿಜವಾಗಿ ಹೆದರಬೇಕಾದ್ದನ್ನು ಒಬ್ಬರೂ ಬರೆದಿಲ್ಲ. ಡಬ್ಬಿ ಹರಿದಿತ್ತು ಅಂತ ಬರೆಯುತ್ತಾರೆ. ಡೆಲಿವರಿ ಹುಡುಗ ಮೂರನೇ ಮಹಡಿಗೆ ಹತ್ತಲಿಲ್ಲ ಅಂತ ಬರೆಯುತ್ತಾರೆ. ಬಳ್ಳಾರಿ ಜಾಲಿಯ ಬಗ್ಗೆ ಒಂದು ಸಾಲಿಲ್ಲ! ಊರು ದಾಟಿದರೆ ರಸ್ತೆಯ ಎರಡೂ ಬದಿಗೆ ಅದೇ. ಅದರ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಬರುತ್ತದೆ. ಈ ಸೈಕಲ್ಲಿನ ಟೈರಿನ ಅಗಲ ಬರೀ 25 ಮಿಲಿಮೀಟರ್. ಗಾಳಿಯ ಒತ್ತಡ ಸುಮಾರು 90 ಪಿಎಸ್ಐ ಬೇಕು, ಸ್ಕೂಟರಿಗೆ ಹಾಕುವುದರ ಎರಡು ಮೂರು ಪಟ್ಟು. ಬಣ್ಣ ಬಳಿಯದ ಹಂಪು, ಶಹಾಬಾದ್ ಕಲ್ಲು ಹೊತ್ತ ಲಾರಿ, ನಸುಕಿನಲ್ಲಿ ರಿಂಗ್ ರೋಡಿನ ನಾಯಿಗಳು, ಇವೆಲ್ಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಾಯಿ ಬೆನ್ನಟ್ಟಿದಾಗ ಯಾವ ಗೇರು ಹಾಕಬೇಕು ಅಂತ ಯಾರಾದರೂ ಬರೆದಿದ್ದರೆ ಅವರಿಗೆ ಕೈ ಮುಗಿಯುತ್ತಿದ್ದೆ.

ಗಾಳಿಯ ಚಿಂತೆಗೆ ನಮ್ಮ ಓಣಿಯ ಪಂಚರ್ ಅಂಗಡಿಗೆ ಹೋಗಿ ವಾಲ್ವಿನ ಫೋಟೋ ತೋರಿಸಿದೆ. ಇದರದು ಪ್ರೆಸ್ಟಾ ಅಂತ ತೆಳ್ಳಗಿನ ವಾಲ್ವು. ತುದಿಯ ಪುಟ್ಟ ನಟ್ಟು ಸಡಿಲಿಸಿ ಗಾಳಿ ಹಾಕಬೇಕು. ಪಂಚರ್ ಭಾಯ್ ನೋಡಿ, 'ನನ್ನ ಪೈಪು ಇದಕ್ಕ ಕೂಡಂಗಿಲ್ರಿ' ಅಂದ. ಮೇಲೆ ಸಿಕ್ಕಿಸುವ ಸಣ್ಣ ಹಿತ್ತಾಳೆ ಅಡಾಪ್ಟರು ಸಿಗುತ್ತದೆ, ಅದಿದ್ದರೆ ಕೂಡುತ್ತದೆ ಅಂದೆ. 'ತರ್ರಿ, ಹಾಕ್ಕೊಡ್ತೀನಿ' ಅಂದ. ಇಡೀ ಊರಿನಲ್ಲಿ ಈ ಸೈಕಲ್ಲಿಗೆ ಒಳ್ಳೇ ಮಾತು ಆಡಿದವನು ಅವನೊಬ್ಬನೇ.

ಅಷ್ಟಕ್ಕೂ ಕಾಕಾಗೆ ಸೈಕಲ್ಲೆಂದರೆ ಆಗದು ಅಂತೇನಿಲ್ಲ. ಅವರ ಹತ್ತಿರ ಒಂದು ಅಟ್ಲಾಸ್ ಇತ್ತು. ನಾನು ಸಣ್ಣವನಿದ್ದಾಗ ಸೀಟಿನ ಮುಂದಿನ ಅಡ್ಡ ಕಂಬಿಗೆ ಟವೆಲ್ ಸುತ್ತಿ ನನ್ನನ್ನು ಕೂಡಿಸಿಕೊಂಡು ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಒಯ್ಯುತ್ತಿದ್ದರು. ಗುಡಿ ಹತ್ತಿರ ಬಂದಂತೆ ಜನ ಜಾಸ್ತಿಯಾಗುತ್ತಿದ್ದರು. ಕಾಕಾ ಇಳಿದು ತಳ್ಳುತ್ತಿದ್ದರು, ನಾನು ಮಾತ್ರ ಮೇಲೇ ಕೂತಿರುತ್ತಿದ್ದೆ. ಆ ಸೈಕಲ್ಲನ್ನು ಯಾರನ್ನು ಕೇಳಿ ಕೊಂಡಿರಿ ಅಂತ ಒಮ್ಮೆ ಕೇಳಿದ್ದೆ. 'ಅಂಗಡ್ಯಾಂವ ಒಯ್ಯೋ ತಮ್ಮಾ ಅಂದ, ಒಯ್ದೆ' ಅಂದಿದ್ದರು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ನಿಂತಿತು. ಪೇಪರಿನಲ್ಲಿ ಬಂದ ಆ ಸುದ್ದಿಯನ್ನು ಕಾಕಾ ನನಗೆ ಓದಿ ಹೇಳಿದರು. ಎಲ್ಲದಕ್ಕೂ ಟೀಕೆ ಮಾಡುವವರು ಅವತ್ತು ಏನೂ ಸೇರಿಸಲಿಲ್ಲ. ಅವರ ಅಟ್ಲಾಸನ್ನು ಯಾವಾಗ, ಯಾರಿಗೆ ಕೊಟ್ಟರು ಅಂತ ಕೇಳಿದರೆ ಮಾತ್ರ ಈಗಲೂ ಮಾತು ಬದಲಿಸುತ್ತಾರೆ.

ಇವತ್ತು ಮಧ್ಯಾಹ್ನ ರೊಟ್ಟಿ, ಪುಂಡಿ ಪಲ್ಯಕ್ಕೆ ಕೂತಾಗ ಹೇಳಿಯೇ ಬಿಟ್ಟೆ. 'ಕಾಕಾ, ನಾ ತಗೊಳ್ಳಾಂವ. ಈ ಫ್ರೇಮಿಗೆ ಸ್ವಲ್ಪ ಅಗಲದ್ದು, 28 ಮಿಲಿಮೀಟರಿನ ಟೈರು ಹಿಡಿತದ, ಅದನ್ನ ಹಾಕಿಸ್ತೀನಿ. ಬರೆದೋರೆಲ್ಲ ಪುಣೆ, ಬೆಂಗಳೂರಿನವರು. ನಮ್ಮ ಕಲಬುರಗಿಯಿಂದ ಒಬ್ಬರೂ ಬರದಿಲ್ಲ.'

ಕಾಕಾ ತುತ್ತು ಅಲ್ಲೇ ನಿಲ್ಲಿಸಿದರು. 'ಒಬ್ರೂ ಇಲ್ಲ?'

'ಒಬ್ರೂ ಇಲ್ರಿ.'

'ಸ್ಟ್ಯಾಂಡ್ ಬರ್ತದೇನು?'

'ಇಲ್ಲ.'

'ಕ್ಯಾರಿಯರ್?'

'ಇಲ್ಲ.'

'ಮಡ್‌ಗಾರ್ಡ್?'

'ಅದೂ ಇಲ್ರಿ.'

ಕಾಕಾನ ಮುಖದಲ್ಲಿ ಇಷ್ಟು ಕಳೆ ನಾನು ಅವರ ನಿವೃತ್ತಿಯಾದ ಮೇಲೆ ನೋಡಿಲ್ಲ. 'ಹಂಗಾರ ತಗೋ' ಅಂದರು. 'ಬಂದ ಮ್ಯಾಲ ನಮ್ಮೂರಿನ ಮೊದಲನೇ ಒಂದು ಸ್ಟಾರು ನಾ ಹಾಕ್ತೀನಿ.'

ಕೈ ತೊಳೆದು ಬಂದವರೇ ಹಳೇ ಡೈರಿ ತೆಗೆದು ಕೂತಿದ್ದಾರೆ. 'ಸದರಿ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲವಾದ್ದರಿಂದ ಪ್ರತಿ ಸಲ ಗೋಡೆಯನ್ನು ಅವಲಂಬಿಸಬೇಕಾಗಿದೆ' ಅಂತ ಎರಡು ಸಾಲು ಕೆಂಪು ಪೆನ್ನಿನಲ್ಲಿ ಆಗಲೇ ಆಗಿದೆ. ಸ್ಟಾರು ಒತ್ತುವುದು ಹೇಗೆ ಅಂತ ನನ್ನನ್ನು ಕರೆಯುತ್ತಿದ್ದಾರೆ. ನಾನಿನ್ನೂ ಆರ್ಡರೇ ಹಾಕಿಲ್ಲ.