ಗೊರಬಲಿನ ಗುಂಪಿಗೆ ಸೇರಿದ ಹೂವು

ಅಡಿಕೆ ಬೆಳೆಯುವ ಮನೆಯಲ್ಲಿ ಸಸ್ಯಶಾಸ್ತ್ರ ಓದುವವರು ಹುಟ್ಟಬಾರದು. ಇದು ಅಪ್ಪನ ಅಭಿಪ್ರಾಯವಲ್ಲ, ನನ್ನದು. ತಂಗಿಯ ಸಂಶೋಧನೆಗೆ ಕೊಡೆ, ಚೀಲ ಮತ್ತು ಉಂಬಳಕ್ಕೆಂದು ಸುಣ್ಣದ ಡಬ್ಬಿ ಹೊರುವವನು ನಾನು.

ಅವಳ ವಿಷಯ ಕಾಡು ಕರ್ಣಕುಂಡಲ. ಮಳೆಗಾಲದಲ್ಲಿ ಕೊಡಚಾದ್ರಿಯ ದಾರಿಯ ಒದ್ದೆ ಬಂಡೆಗಳ ಮೇಲೆ ಹೂ ಬಿಟ್ಟು ನಿಂತಿರುತ್ತದಲ್ಲ, ಬಲಿತ ಕಾಯಿ ಮುಟ್ಟಿದರೆ ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದಲ್ಲ, ಅದೇ. ಪ್ರಪಂಚದಲ್ಲಿ ಇದರ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಗಿಡಗಳಿಗೆ ಹೆಸರಿಡುವುದರಲ್ಲೇ ಆಯುಷ್ಯ ಸವೆಸಿದ ಜೋಸೆಫ್ ಹೂಕರ್ ಕೊನೆಗಾಲದಲ್ಲಿ ಈ ಕುಲವನ್ನೇ ಹಿಡಿದು ಕುಳಿತಿದ್ದರು. 1911ರಲ್ಲಿ, ತಮ್ಮ 94ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಉಳಿದ ಕೆಲಸ ನನ್ನ ತಂಗಿಗೆ ಬಂದಿದೆ, ಚೀಲ ನನಗೆ.

ಬಣ್ಣ ನೋಡಿ ಗುರುತಿಸೋಣವೆಂದರೆ ಒಂದೇ ಪ್ರಭೇದದಲ್ಲಿ ಬಿಳಿಯೂ ಇರಬಹುದು, ನಸುಗೆಂಪೂ ಇರಬಹುದು. ಆದ್ದರಿಂದ ಹೂವಿನ ಹಿಂದೆ ಮಕರಂದ ತುಂಬಿಕೊಂಡಿರುವ ಬಾಲದಂಥ ಕೊಳವೆಯನ್ನು ಅಳೆಯಬೇಕು. ಸುರಿಯುವ ಮಳೆಯಲ್ಲಿ ಒಬ್ಬ ವಯಸ್ಕ ಗಂಡಸು ಬಂಡೆಯ ಮೇಲೆ ಬೋರಲು ಮಲಗಿ ಹೂವಿನ ಬಾಲಕ್ಕೆ ಅಳತೆಪಟ್ಟಿ ಹಿಡಿದಿರುವುದನ್ನು ಜೀಪಿನಲ್ಲಿ ಹೋಗುವ ಪ್ರವಾಸಿಗರು ಬಹಳ ಗೌರವದಿಂದೇನೂ ನೋಡುವುದಿಲ್ಲ.

ಒಂದು ಹಳ್ಳದ ಬದಿಯಲ್ಲಿ ಉದ್ದ ಬಾಲದ್ದೂ ಮೋಟು ಬಾಲದ್ದೂ ಒಟ್ಟೊಟ್ಟಿಗೆ ಬೆಳೆದಿದ್ದವು. ನಡುವೆ ಇನ್ನೊಂದು: ಬಾಲ ಮಧ್ಯಮ, ಎಲೆ ಇದರಂತೆ, ರೋಮ ಅದರಂತೆ. ತಂಗಿಗೆ ಪರಮಾನಂದ. "ಅಣ್ಣ, ಇದು ಮಿಶ್ರತಳಿ ಇರಬಹುದು!" ಇರಬಹುದು ಅಷ್ಟೇ. ಬರೀ ಒಂದೇ ಪ್ರಭೇದದ ಸ್ವಲ್ಪ ವಿಚಿತ್ರ ಸದಸ್ಯನೂ ಆಗಿರಬಹುದು. ಮಿಶ್ರತಳಿಯೇ ಆಗಿದ್ದು, ಅದು ಮತ್ತೆ ತಂದೆಯ ಕಡೆಗೋ ತಾಯಿಯ ಕಡೆಗೋ ಕೂಡಿಕೊಂಡರೆ, ಮುಂದಿನ ತಲೆಮಾರುಗಳು ಒಂದು ಮಗ್ಗುಲಿಗೆ ವಾಲುತ್ತಾ ಹೋಗಿ ಗೆರೆ ಎಲ್ಲಿ ಎಳೆಯಬೇಕೆಂಬುದೇ ಮರೆಯಾಗುತ್ತದೆ. ದುಂಬಿಗಳಿಗೆ ಇದರ ಚಿಂತೆಯಿಲ್ಲ.

ಮನೆಯಲ್ಲಿ ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಬಂತು. ಮಿಶ್ರತಳಿಯ ಪರಾಗ ಎಷ್ಟೋ ಸಲ ಜೊಳ್ಳಾಗಿರುತ್ತದೆ, ಬಣ್ಣ ಹಾಕಿದರೆ ಹೀರಿಕೊಳ್ಳುವುದಿಲ್ಲ. ಡಿಎನ್‌ಎ ನೋಡಬಹುದು, ಆದರೆ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟಿನದು ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುತ್ತದೆ ಎಂದು ತಂಗಿ ವಿವರಿಸಿದಳು. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿ, "ಅಂದರೆ ಅಪ್ಪ ಯಾರೆಂದು ಗೊತ್ತಾಗುವುದಿಲ್ಲವೇ? ಇಂಥ ಮಾತು ಊಟದ ಹೊತ್ತಿನಲ್ಲಿ ಬೇಡ" ಎಂದರು.

ಅನಾಹುತ ಆದದ್ದು ಮರುದಿನ. ಕರ್ಣಕುಂಡಲದ ಹೂ ಒಣಗಿಸಿದರೆ ಅಂಟಿನಂತೆ ಮುದ್ದೆಯಾಗುತ್ತದೆ. ಅದಕ್ಕೇ ತಂಗಿ ಪ್ರತಿ ಹೂವಿನ ಭಾಗಗಳನ್ನು ಬಿಡಿಸಿ, ಹಳೆಯ ಪತ್ರಿಕೆಯ ಮಡಿಕೆಗಳಲ್ಲಿ ಹರಡಿ, ಮಡಿಕೆಗಳಿಗೆ ಸಂಖ್ಯೆ ಬರೆದು, ಮೇಲೆ ಒರಳುಕಲ್ಲಿನ ಗುಂಡು ಹೇರಿದ್ದಳು. ಅಪ್ಪನಿಗೆ ಹಿಂದಿನ ವಾರದ ಅಡಿಕೆ ಧಾರಣೆ ಬೇಕಾಯಿತು. ಗುಂಡು ಇಳಿಸಿದರು, ಪತ್ರಿಕೆ ಎತ್ತಿದರು, ಕಸವೆಂದು ಕೊಡವಿದರು, ಓದಲು ಕುಳಿತರು.

ತಂಗಿ ಅಳಲಿಲ್ಲ. ಅದು ಇನ್ನೂ ಭಯಂಕರವಾಗಿತ್ತು. ಅಪ್ಪ ನೆಲದ ಮೇಲೆ ಕುಳಿತು, "ವಿಂಗಡಿಸುವುದೇನು ಮಹಾ" ಎಂದು ಕನ್ನಡಕ ಏರಿಸಿದರು. ಸರಕು, ಬೆಟ್ಟೆ, ರಾಶಿ, ಕೊನೆಗೆ ಕಳಪೆ ದರ್ಜೆಯ ಗೊರಬಲು ಎಂದು ಅಡಿಕೆಯನ್ನು ಕಣ್ಣಳತೆಯಲ್ಲೇ ಬೇರೆ ಮಾಡುವ ಕೈ ಅದು. ಉದ್ದ ಬಾಲದವು ಒಂದು ಕಡೆ, ಮೋಟು ಬಾಲದವು ಇನ್ನೊಂದು ಕಡೆ. ಮಿಕ್ಕಿದ್ದನ್ನೆಲ್ಲ ಮೂಲೆಗೆ ತಳ್ಳಿ, "ಇದು ಗೊರಬಲು, ಇದಕ್ಕೆ ರೇಟಿಲ್ಲ" ಎಂದರು. ವರ್ಷಗಟ್ಟಲೆ ಓದಿ ತಂಗಿ ಹುಡುಕುತ್ತಿದ್ದದ್ದು ಆ ಗೊರಬಲನ್ನೇ.

ಸ್ಪಿರಿಟ್ ಸೀಸೆಗಳಲ್ಲಿ ಇಟ್ಟ ಹೂಗಳು ಹೇಗೋ ಉಳಿದವು. ಆಮೇಲೆ ಮನೆಯಲ್ಲಿ ಒಪ್ಪಂದದ ಮಾತುಕತೆ ನಡೆಯಿತು. ಧಾರಣೆಯ ಪುಟ ಅಪ್ಪನಿಗೆ, ಭವಿಷ್ಯದ ಪುಟ ಅಮ್ಮನಿಗೆ, ಕ್ರೀಡೆಯ ಪುಟವನ್ನು ನಾನು ಬಿಟ್ಟುಕೊಡಲಿಲ್ಲ. ಈಗ ಗಿಡ ಒಣಗಿಸಲೆಂದೇ ಒಂದು ಇಂಗ್ಲಿಷ್ ಪತ್ರಿಕೆ ಮನೆಗೆ ಬರುತ್ತಿದೆ. ಅಪ್ಪ ಅದರಲ್ಲೂ ಅಡಿಕೆ ಹುಡುಕತೊಡಗಿದ್ದಾರೆ.